ಹುಡುಕಿದ ಹೊತ್ತು ಯಾರ ಲೆಕ್ಕಕ್ಕೆ

ಕಾಟನ್‌ವುಡ್ ಫೋರ್ಕ್, ನೆಬ್ರಾಸ್ಕಾ
೯ ಏಪ್ರಿಲ್ ೧೯೫೬

ಕುಮಾರಿ ಇರ್ಮಾ ಥಾರ್ನ್ ಅವರಿಗೆ,
ವೆಚ್ಚ ವಿಂಗಡಣೆ ವಿಭಾಗ, ಪ್ರಧಾನ ಕಚೇರಿ, ಲಿಂಕನ್.

ನೀವು ಸಹಿ ಮಾಡಿ ಕಳಿಸಿದ ಸೂಚನೆ ನಮ್ಮ ಟೆಲಿಫೋನ್ ಎಕ್ಸ್‌ಚೇಂಜಿಗೆ ತಲುಪಿದೆ. ಇದೇ ಹದಿನಾರರಿಂದ ಏಳು ದಿನ, ಸ್ವಿಚ್‌ಬೋರ್ಡಿನಲ್ಲಿ ಯಾವ ಕೆಲಸಕ್ಕೆ ಎಷ್ಟು ಹೊತ್ತು ಹೋಗುತ್ತದೆ ಎಂದು ನಾವು ಬರೆಯಬೇಕು. ಊರ ಕೆಲಸಕ್ಕೆ ಹಾಳೆಯ ಎಡಗಡೆ ಗೀಟು, ಟ್ರಂಕ್ ಕಾಲಿಗೆ ಬಲಗಡೆ ಗೀಟು, ಹದಿನೈದು ಸೆಕೆಂಡಿಗೊಂದು. ಬೋರ್ಡಿಗೂ ಅದರ ಮುಂದೆ ಕೂರುವ ನಮಗೂ ಕಂಪನಿ ಮಾಡುವ ಖರ್ಚನ್ನು ಆ ಗೀಟುಗಳ ಪ್ರಕಾರ ಎರಡು ಪಾಲು ಮಾಡುತ್ತೀರಿ. ಎಡಗಡೆಯದು ಊರವರ ತಿಂಗಳ ಬಿಲ್ಲಿಗೆ, ಬಲಗಡೆಯದು ದೂರದಿಂದ ಮಾತಾಡುವವರ ಬಿಲ್ಲಿಗೆ. ಇಷ್ಟು ಅರ್ಥವಾಯಿತು. ಇಪ್ಪತ್ತೆರಡು ವರ್ಷದಿಂದ ಈ ಕುರ್ಚಿಯಲ್ಲಿ ಕೂತವಳಿಗೆ ಅಷ್ಟೂ ಅರ್ಥವಾಗದಿದ್ದರೆ ಹೇಗೆ.

ಅರ್ಥವಾಗದೆ ಉಳಿದದ್ದು ಆರನೆಯ ಕಲಮು. ಒಂದು ಉದಾಹರಣೆ ಕೊಡುತ್ತೇನೆ.

ಕಳೆದ ಮಂಗಳವಾರ ಓಮಾಹಾದ ದನದ ವ್ಯಾಪಾರಿಯೊಬ್ಬ ನಮ್ಮ ಪಶುವೈದ್ಯ ಡಾಕ್ಟರ್ ಸೋರನ್ಸನ್ ಬೇಕೆಂದ. ಓಮಾಹಾ ಲೈನನ್ನು ತೆಗೆದುಕೊಳ್ಳಲು ನನಗೆ ಹಿಡಿದದ್ದು ಇಪ್ಪತ್ತು ಸೆಕೆಂಡು. ಆಮೇಲೆ ವೈದ್ಯರ ಮನೆಗೆ ಪ್ಲಗ್ ಹಾಕಿದೆ. ಅವರ ಹೆಂಡತಿ, ಪೋಸ್ಪಿಶಿಲರ ಕೊಟ್ಟಿಗೆಗೆ ಹೋಗಿದ್ದಾರೆ ಎಂದಳು. ಕೊಟ್ಟಿಗೆಯವರು, ಕಾಫಿಗೆ ಹೋದರು ಎಂದರು. ಕಾಫಿ ಅಂಗಡಿಯವಳು, ಈಗ ತಾನೆ ಎದ್ದು ಹೋದರು, ಕ್ಷೌರದಂಗಡಿಯಲ್ಲಿ ನೋಡು ಎಂದಳು. ಅಲ್ಲಿಗೆ ಹಾಕಿದರೆ, "ಮುಖಕ್ಕೆ ಸೋಪು ಹಚ್ಚಿದೀನಮ್ಮ, ಐದ್ ನಿಮಿಷ ಬಿಡು" ಎಂದ ಕ್ಷೌರಿಕ. "ಸೋಪಿನ ಸಮೇತಾನೇ ಎಬ್ಬಿಸಪ್ಪ, ಓಮಾಹಾ ಕಾಯ್ತಾ ಇದೆ" ಎಂದೆ. ಒಟ್ಟು ನಾಲ್ಕು ನಿಮಿಷ.

ನಿಮ್ಮ ಆರನೆಯ ಕಲಮಿನ ಪ್ರಕಾರ, ನಾನು ಊರಿನ ಲೈನಿಗೆ ಪ್ಲಗ್ ಹಾಕಿದ ಕ್ಷಣದಿಂದ ಅದು ಊರ ಕೆಲಸ. ಓಮಾಹಾದವನಿಗಾಗಿ ಹುಡುಕಿದ ನಾಲ್ಕು ನಿಮಿಷವನ್ನು ಪೋಸ್ಪಿಶಿಲರ ಮನೆಯಾಕೆ ಯಾಕೆ ತೆರಬೇಕು?

ಹೊಸ ಮ್ಯಾನೇಜರ್ ಬ್ಯೂಟ್ನರ್ ಅವರನ್ನು ಕೇಳಿದೆ. "ಬರೆದಿರೋ ಹಾಗೆ ಗೀಟು ಎಳೀರಿ ಲಿಬ್ಬಿಯವ್ರೆ. ಪ್ರಶ್ನೆ ಕೇಳೋದಕ್ಕೆ ಹಾಳೇಲಿ ಜಾಗ ಇಲ್ಲ" ಎಂದರು. ಆದ್ದರಿಂದ ಬೇರೆ ಹಾಳೆಯಲ್ಲಿ ನಿಮ್ಮನ್ನು ಕೇಳುತ್ತಿದ್ದೇನೆ. ಉತ್ತರ ಬರವಣಿಗೆಯಲ್ಲಿ ಬೇಕು.

ಇತಿ,
ಲಿಬ್ಬಿ ಕೌಟ್ಸ್ಕಿ
ಮುಖ್ಯ ಆಪರೇಟರ್


ಲಿಂಕನ್
೧೩ ಏಪ್ರಿಲ್ ೧೯೫೬

ಶ್ರೀಮತಿ ಕೌಟ್ಸ್ಕಿ ಅವರಿಗೆ,

ತಮ್ಮ ಪತ್ರ ತಲುಪಿದೆ. ಆರನೆಯ ಕಲಮಿನಲ್ಲಿ ಯಾವ ಬದಲಾವಣೆಯೂ ಇಲ್ಲ. ಸ್ಥಳೀಯ ಚಂದಾದಾರರ ಲೈನಿಗೆ ಪ್ಲಗ್ ಹಾಕಿದ ನಂತರದ ಎಲ್ಲ ಹೊತ್ತನ್ನೂ ಊರ ಕೆಲಸವೆಂದೇ ಗುರುತಿಸತಕ್ಕದ್ದು. ಏಳು ದಿನದ ಹಾಳೆಗಳಿಗೆ ಮುಖ್ಯ ಆಪರೇಟರ್ ಸಹಿ ಮಾಡಿ ಇಪ್ಪತ್ತಾರರೊಳಗೆ ಕಳಿಸತಕ್ಕದ್ದು.

ಇತಿ,
ಇ. ಥಾರ್ನ್

(ಕೈಬರಹದಲ್ಲಿ) ದಯವಿಟ್ಟು ಇದನ್ನು ದೊಡ್ಡದು ಮಾಡಬೇಡಿ. ಈ ಹಾಳೆಗಳು ಫೋನ್ ದರ ತೀರ್ಮಾನಿಸುವ ರಾಜ್ಯ ಆಯೋಗದ ಮುಂದೆ ಹೋಗುತ್ತವೆ. ಊರಿನ ದರ ಏರಿಸಲು ಕಂಪನಿ ಅರ್ಜಿ ಹಾಕುತ್ತಿದೆ.


ಕಾಟನ್‌ವುಡ್ ಫೋರ್ಕ್
೨೫ ಏಪ್ರಿಲ್ ೧೯೫೬

ಕುಮಾರಿ ಥಾರ್ನ್ ಅವರಿಗೆ,

ದೊಡ್ಡದು ಮಾಡಬೇಡಿ ಎಂದು ಕೈಬರಹದಲ್ಲಿ ಬರೆದಿರಲ್ಲ, ಅಲ್ಲಿಗೆ ನನಗೆ ಗೊತ್ತಾಯಿತು, ಇದು ದೊಡ್ಡದೇ ಎಂದು.

ಎಣಿಕೆ ಮುಗಿದಿದೆ. ಎರಡು ಸಲ ಎಣಿಸಿದ್ದೇವೆ. ನಿಮ್ಮ ಹಾಳೆಯಲ್ಲಿ ನಿಮ್ಮ ಕಲಮಿನ ಹಾಗೆ ಒಂದು. ಪಕ್ಕದಲ್ಲಿ ಇನ್ನೊಂದು ಹಾಳೆ ಇಟ್ಟುಕೊಂಡು, ಕರೆ ಯಾರು ಮಾಡಿದರೋ ಅವರ ಹೆಸರಿನಲ್ಲೇ ಕೊನೆಯವರೆಗೂ ಹೊತ್ತು ಬರೆದದ್ದು ಇನ್ನೊಂದು. ಶಾಲೆಯ ಓಟದ ಮಾಸ್ತರು ದ್ವೋರಾಚೆಕ್ ಹತ್ತಿರ ಸ್ಟಾಪ್‌ವಾಚ್ ಕೇಳಿದೆ. "ಓಡೋರು ಯಾರಮ್ಮ?" ಎಂದರು. "ನಮ್ಮ ಹೇಜಲ್. ಕೂತಲ್ಲೇ ಓಡ್ತಾಳೆ" ಎಂದೆ. ಹೇಜಲ್ ರೂಡ್ ನಿಮಗೆ ಗೊತ್ತಿಲ್ಲ. ನೀವು ಈ ಬೋರ್ಡು ಬಿಟ್ಟು ಹೋದ ಮೇಲೆ ಬಂದವಳು. ಮೂರು ಮಕ್ಕಳ ತಾಯಿ. ಇನ್ನೊಬ್ಬಳು ವ್ಲಾಸ್ತಾ, ಇಪ್ಪತ್ತೆರಡರ ಹುಡುಗಿ. ಮೂವರೂ ಸರದಿಯಂತೆ ಏಳು ದಿನ ಒಂದು ಕೈಯಲ್ಲಿ ಪ್ಲಗ್, ಇನ್ನೊಂದರಲ್ಲಿ ಗಡಿಯಾರ ಹಿಡಿದು ಕೂತೆವು.

ನಿಮ್ಮ ಲೆಕ್ಕದಲ್ಲಿ ನೂರಕ್ಕೆ ಅರವತ್ತೆಂಟು ಭಾಗ ಊರ ಕೆಲಸ. ಗಡಿಯಾರದ ಲೆಕ್ಕದಲ್ಲಿ ನಲವತ್ತೊಂದು.

ಬ್ಯೂಟ್ನರ್ ಎರಡೂ ಹಾಳೆ ನೋಡಿದರು.

"ಎರಡ್ ಯಾಕೆ?"

"ಒಂದು ನೀವು ಹೇಳಿದ್ದು, ಇನ್ನೊಂದು ನಡೆದಿದ್ದು."

"ನಡೆದಿದ್ದನ್ನ ಯಾರ್ ಕೇಳಿದ್ರು ನಿಮ್ಮನ್ನ?"

"ಯಾರೂ ಕೇಳ್ಲಿಲ್ಲ ಸಾಹೇಬ್ರೆ. ಅದಕ್ಕೇ ಬರೆದಿಟ್ಟೆ."

ಅವರು ಕುರ್ಚಿ ಎಳೆದು ಕೂತರು. ಮಾತು ಮೆತ್ತಗಾಯಿತು. "ನೋಡಿ ಲಿಬ್ಬಿಯವ್ರೆ, ಲಿಂಕನ್‌ನಲ್ಲಿ ಕೂತೋರಿಗೆ ಒಂದೇ ಕಾಣೋದು. ಮೂರು ಜನ ಹೆಂಗಸರು ಇಡೀ ದಿನ ಊರೋರ ಜೊತೆ ಹರಟೆ ಹೊಡೀತಾರೆ, ಸಂಬಳ ಕಂಪನಿ ಕೊಡುತ್ತೆ. ಹರಟೆ ಖರ್ಚು ಊರೋರೇ ಕೊಡ್ಲಿ ಅಂತಾರೆ. ಇದ್ರಲ್ಲಿ ತಪ್ಪೇನಿದೆ?"

ಹರಟೆ ಎಂದರು ಇರ್ಮಾ ಥಾರ್ನ್ ಅವರೇ. ಹನ್ನೊಂದು ವರ್ಷ ನೀವೂ ಇದೇ ಹರಟೆ ಹೊಡೆದಿದ್ದೀರಿ.

ದರ ಏರುತ್ತದೆಂಬ ಸುದ್ದಿ ಊರಲ್ಲಿ ಹಬ್ಬಿದೆ. ಜಾಬ್ಕಾ ಅಜ್ಜಿ ನಿನ್ನೆ ಫೋನಿನಲ್ಲೇ ಹೇಳಿದಳು: "ಇಷ್ಟಾದ್ರೆ ತೆಗೆಸ್ಬಿಡ್ತೀನಿ ಕಣೆ ಲಿಬ್ಬಿ. ಎದೆ ನೋವು ಬಂದ್ರೆ ಕಿಟಕೀಲಿ ಟವೆಲ್ ಕಟ್ತೀನಿ, ಯಾರಾದ್ರೂ ನೋಡ್ತಾರೆ." ಅವಳ ಕಿಟಕಿ ಮೆಕ್ಕೆಜೋಳದ ಹೊಲಕ್ಕೆ ತೆರೆಯುತ್ತದೆ.

ನಿಮ್ಮ ಹಾಳೆಗೆ ನಾನು ಸಹಿ ಮಾಡುವುದಿಲ್ಲ. ಏಳು ವರ್ಷದ ಹಿಂದೆ ನೀವೊಂದು ಕಾಗದಕ್ಕೆ ಸಹಿ ಮಾಡಿದಿರಿ, ಅದು ಸುಲಭದ ಕೆಲಸ ಎಂದು ನಿಮಗೆ ಗೊತ್ತು. ನನಗೆ ಅದು ಬರುವುದಿಲ್ಲ.

ಲಿಬ್ಬಿ ಕೌಟ್ಸ್ಕಿ


ಲಿಂಕನ್, ಮನೆಯಿಂದ
೬ ಮೇ ೧೯೫೬

ಲಿಬ್ಬಿ,

ಇನ್ನು ಮುಂದೆ ಕಚೇರಿಗೆ ಬರೆಯಬೇಡ. ನಿನ್ನ ಕಾಗದವನ್ನು ನನಗಿಂತ ಮೊದಲು ನನ್ನ ಮೇಲಧಿಕಾರಿ ಸ್ಟ್ರೂಪ್ ಓದಿದರು. ಕೊನೆಯ ಸಾಲನ್ನು ಬೆರಳಿಟ್ಟು ತೋರಿಸಿ, "ಏನಿದು ಹಳೇ ಜಗಳ?" ಎಂದು ಕೇಳಿದರು. ಊರಿನ ಮಾತು ಎಂದು ಹೇಳಿದೆ. ಮೇಲೆ ನನ್ನ ಮನೆಯ ವಿಳಾಸ ಇದೆ.

ನೀನು ಹೆಸರಿಸದೆ ಬಿಟ್ಟ ಕಾಗದವನ್ನು ನಾನೇ ಹೆಸರಿಸುತ್ತೇನೆ. ನಲವತ್ತೊಂಬತ್ತರ ಜನವರಿಯ ಹಿಮಬಿರುಗಾಳಿ. ರಸ್ತೆಯೆಲ್ಲ ಹೂತುಹೋಗಿ ನಾವಿಬ್ಬರೇ ಮೂರು ದಿನ ಬೋರ್ಡಿನ ಮುಂದೆ ಸಿಕ್ಕಿಬಿದ್ದದ್ದು. ಹೊಲದ ಮನೆಗಳವರು ಮಕ್ಕಳನ್ನು, ತಾಯಂದಿರನ್ನು ವಿಚಾರಿಸಲು ಕೇಳಿದ ಟ್ರಂಕ್ ಕಾಲುಗಳನ್ನೆಲ್ಲ ಬಿಲ್ಲಿನ ಚೀಟಿ ಬರೆಯದೆ ಕೊಟ್ಟೆವು. ಇಬ್ಬರೂ ಕೊಟ್ಟೆವು. ಚೀಟಿ ಬರೆಯುವುದು ಬೇಡ ಎಂದು ಮೊದಲು ಹೇಳಿದವಳು ನಾನು. ಹಿಮ ಕರಗಿದ ಮೇಲೆ ಕಂಪನಿ ಕೇಳಿದಾಗ, ಅದೆಲ್ಲ ಲಿಬ್ಬಿಯೊಬ್ಬಳೇ ಮಾಡಿದ್ದು ಎಂದು ಬರೆದುಕೊಟ್ಟೆ. ನಿನ್ನ ಸಂಬಳ ಕಡಿದರು, ಎರಡು ವರ್ಷ ನಿನ್ನನ್ನು ಮುಖ್ಯ ಆಪರೇಟರ್ ಮಾಡಲಿಲ್ಲ. ನನಗೆ ಲಿಂಕನ್ ಸಿಕ್ಕಿತು.

ನನಗೆ ಆ ಊರಿನಿಂದ ಹೊರಬೀಳಬೇಕಿತ್ತು. ಬೇರೆ ಕಾರಣ ಹುಡುಕಿದ್ದೇನೆ, ಸಿಕ್ಕಿಲ್ಲ. ಕ್ಷಮೆ ಕೇಳಲು ಇದನ್ನು ಬರೆಯುತ್ತಿಲ್ಲ.

ಆರನೆಯ ಕಲಮನ್ನು ಬರೆದವಳೂ ನಾನೇ. ಫೆಬ್ರವರಿಯಲ್ಲಿ ಸ್ಟ್ರೂಪ್ ಒಂದು ಚೀಟಿ ಕೊಟ್ಟರು, ಅದರಲ್ಲಿ ಅರವತ್ತೈದು ಎಂದು ಬರೆದಿತ್ತು. "ಊರಿನ ಪಾಲು ಇಷ್ಟರ ಮೇಲೆ ಬರಬೇಕು. ಹೇಗೆ ಬರುತ್ತೆ ಅನ್ನೋದನ್ನ ನೀನು ನೋಡ್ಕೋ. ಬೋರ್ಡ್ ಕೆಲಸ ಗೊತ್ತಿರೋಳು ಇಲ್ಲಿ ನೀನೊಬ್ಳೇ" ಎಂದರು. ಓಮಾಹಾದ ದೊಡ್ಡ ಮಾಂಸದ ಕಂಪನಿಗಳು ಟ್ರಂಕ್ ಕಾಲಿನ ದರ ಇಳಿಸದಿದ್ದರೆ ತಾವೇ ಲೈನು ಎಳೆಯುತ್ತೇವೆ ಎಂದು ಹೆದರಿಸಿವೆ. ನಿಮ್ಮೂರಿನವರು ಎಲ್ಲಿಗೆ ಹೋಗುತ್ತಾರೆ? ಎರಡು ದಿನ ಯೋಚಿಸಿದೆ. ಹುಡುಕುವ ಹೊತ್ತು ನೆನಪಾಯಿತು. ಅದನ್ನು ಎಡಗಡೆಗೆ ತಳ್ಳಿದರೆ ಸಾಕಿತ್ತು. ಹನ್ನೊಂದು ವರ್ಷ ನಿನ್ನ ಪಕ್ಕದಲ್ಲಿ ಕೂರದಿದ್ದರೆ ನನಗೆ ಅದು ಹೊಳೆಯುತ್ತಿರಲಿಲ್ಲ.

ಜೂನ್ ಹನ್ನೆರಡರಂದು ನಿಮ್ಮ ಜಿಲ್ಲಾ ನ್ಯಾಯಾಲಯದ ಕಟ್ಟಡದಲ್ಲಿ ಆಯೋಗದ ವಿಚಾರಣೆ. ಫೋನ್ ಬಿಲ್ಲು ಕಟ್ಟುವ ಯಾರು ಬೇಕಾದರೂ ಎದ್ದು ಪ್ರಶ್ನೆ ಕೇಳಬಹುದು. ಇದು ಪತ್ರಿಕೆಯ ಮೂಲೆಯಲ್ಲಿ ಅಚ್ಚಾಗುತ್ತದೆ, ನೋಡದೆ ಹೋದೀಯೆಂದು ಹೇಳುತ್ತಿದ್ದೇನೆ. ಕಂಪನಿಯ ಪರವಾಗಿ ಸಾಕ್ಷಿ ಹೇಳುವವಳು ನಾನು. ನಾನು ಹೇಳಬೇಕಾದ್ದನ್ನು ಹೇಳುತ್ತೇನೆ.

ಇರ್ಮಾ


ಕಾಟನ್‌ವುಡ್ ಫೋರ್ಕ್
೧೬ ಮೇ ೧೯೫೬

ಇರ್ಮಾ,

ಕ್ಷಮೆ ಕೇಳದೆ ಇದ್ದದ್ದು ಒಳ್ಳೆಯದಾಯಿತು. ಕೇಳಿದ್ದರೆ ಕಾಗದವನ್ನು ಒಲೆಗೆ ಹಾಕುತ್ತಿದ್ದೆ. ಈಗ ಅದು ಅಡಿಗೆಮನೆಯ ಡ್ರಾಯರಿನಲ್ಲಿ ಚಮಚಗಳ ಕೆಳಗಿದೆ. ಮೂರು ಸಲ ಓದಿದೆ. ಚೀಟಿ ಬೇಡ ಎಂದು ಮೊದಲು ಹೇಳಿದವಳು ನೀನು ಎನ್ನುವುದು ನಿನಗೆ ಮರೆತಿದೆ ಎಂದುಕೊಂಡಿದ್ದೆ.

ಇಲ್ಲಿಯ ಸುದ್ದಿ ಕೇಳು. ನಾನು ಸಹಿ ಮಾಡಲಿಲ್ಲ. ಬ್ಯೂಟ್ನರ್ ಹೇಜಲ್‌ಳನ್ನು ಒಳಗೆ ಕರೆದು ಬಾಗಿಲು ಹಾಕಿಕೊಂಡರು. ಹೊರಗೆ ಬಂದಾಗ ಅವಳು ಸಹಿ ಮಾಡಿ ಆಗಿತ್ತು. ಹೆಡ್‌ಫೋನ್ ಹಾಕಿಕೊಂಡು ಕೂತಳು, ನನ್ನ ಕಡೆ ನೋಡಲಿಲ್ಲ. ಸಂಜೆ ಕೋಟು ಹಾಕಿಕೊಳ್ಳುವಾಗ, "ಮೂರು ಮಕ್ಳು ಲಿಬ್ಬಿ" ಎಂದಳು. "ಗೊತ್ತು ಕಣೆ, ಮನೆಗ್ ಹೋಗು" ಎಂದೆ. ಅವಳ ಮೇಲೆ ನನಗೆ ಸಿಟ್ಟಿಲ್ಲ. ನಿನ್ನ ಮೇಲಿರುವುದರಲ್ಲಿ ಒಂದು ತೊಟ್ಟೂ ಇಲ್ಲ.

ಮಾರನೆಯ ದಿನ ನನಗೆ ಆಜ್ಞೆ ಬಂತು. ವಿಚಾರಣೆ ಮುಗಿಯುವವರೆಗೆ ಬೋರ್ಡಿನ ಮುಂದೆ ಕೂರಬಾರದಂತೆ. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಹಗಲು ಹೊತ್ತಿನಲ್ಲಿ ನಮ್ಮೂರು ನೋಡುತ್ತಿದ್ದೇನೆ. ಪರವಾಗಿಲ್ಲ, ಬಣ್ಣ ಬಳಿಯಬೇಕು ಅಷ್ಟೆ.

ಹಳೆಯ ಫೋರ್ಡ್ ಪಿಕಪ್ ತೆಗೆದುಕೊಂಡು ಮನೆಮನೆಗೆ ಹೋಗುತ್ತಿದ್ದೇನೆ. ಎಲ್ಲರ ಧ್ವನಿ ಗೊತ್ತು, ಎಷ್ಟೋ ಜನರ ಮುಖವೇ ಗೊತ್ತಿರಲಿಲ್ಲ. ಓಟೋ ಗ್ರೂಬ್ ಬಾಗಿಲಲ್ಲಿ ನಿಂತು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಫೋನಲ್ಲಿ ನೀನು ಎತ್ತರ ಇದ್ದೆ" ಎಂದ. ಜೂನ್ ಹನ್ನೆರಡಕ್ಕೆ ಬಾ ಎಂದೆ. "ಗೋಧಿ ಕೊಯ್ಲು ಹತ್ರ ಬಂತಲ್ಲಮ್ಮ" ಎಂದ. "ಗೋಧಿ ಒಂದಿನ ನಿಲ್ಲುತ್ತೆ ಓಟೋ. ಒಂದ್ಸಲ ಏರಿದ ದರ ಇಳಿಯಲ್ಲ" ಎಂದೆ. ಗೊಣಗಿದ. ಬರುತ್ತಾನೆ.

ಅವತ್ತು ಎದ್ದು ನಿನ್ನನ್ನು ಪ್ರಶ್ನೆ ಕೇಳುವವಳು ನಾನೇ. ಬೆನ್ನ ಹಿಂದೆ ಮಾಡುವ ಅಭ್ಯಾಸ ನನಗಿಲ್ಲವಾದ್ದರಿಂದ ಮೊದಲೇ ಹೇಳಿದ್ದೇನೆ. ಪ್ರಶ್ನೆ ಇದು: ಒಂದು ವೇಳೆ

ಬೇಡ, ಯೋಚಿಸಿ ಮುಂದಿನ ಕಾಗದದಲ್ಲಿ ಬರೆಯುತ್ತೇನೆ.

ಲಿಬ್ಬಿ


ಲಿಂಕನ್
೨೧ ಮೇ ೧೯೫೬

ಲಿಬ್ಬಿ,

ಬರೆಯಬೇಡ. ಏನು ಕೇಳುತ್ತೀಯೆಂದು ನನಗೆ ಗೊತ್ತಿದ್ದರೆ ಅದು ಸ್ಟ್ರೂಪ್ ಅವರಿಗೂ ಗೊತ್ತಾಗಬೇಕಾಗುತ್ತದೆ, ಉತ್ತರವನ್ನು ಅವರು ತಿದ್ದಿ ಬಾಯಿಪಾಠ ಮಾಡಿಸುತ್ತಾರೆ. ಗೊತ್ತಿಲ್ಲದ ಪ್ರಶ್ನೆಗೆ ಬಾಯಿಪಾಠ ಮಾಡಿಸಲು ಬರುವುದಿಲ್ಲ.

ಗಡಿಯಾರದ ಹಾಳೆಗಳನ್ನು ಜೋಪಾನ ಮಾಡು. ಮೂವರ ಹೆಸರೂ ಇರಲಿ.

ಇರ್ಮಾ


ಲಿಂಕನ್
೧೩ ಜೂನ್ ೧೯೫೬

ಲಿಬ್ಬಿ,

ನಿನ್ನೆ ನೀನು ಬರಲಿಲ್ಲ. ಯಾಕೆಂದು ಈಗ ಗೊತ್ತಾಗಿದೆ, ಆದರೆ ಬೆಳಗ್ಗೆ ಹತ್ತಕ್ಕೆ ಆ ಕೋಣೆಗೆ ಕಾಲಿಟ್ಟಾಗ ನನಗೆ ಗೊತ್ತಿರಲಿಲ್ಲ. ಬೆಂಚುಗಳೆಲ್ಲ ತುಂಬಿದ್ದವು, ಗಂಡಸರು ಗೋಡೆಗೆ ಒರಗಿ ನಿಂತಿದ್ದರು, ಕಿಟಕಿಯ ಹಲಗೆಯ ಮೇಲೂ ಜನ. ನಾನು ನಿನ್ನ ಮುಖಕ್ಕಾಗಿ ಸಾಲು ಸಾಲು ನೋಡಿದೆ. ಇಲ್ಲ. ಹೆದರಿದಳು ಎಂದುಕೊಂಡೆ, ಆಮೇಲೆ ನನಗೇ ನಗು ಬಂತು.

ನೀನು ನೋಡದೆ ಇದ್ದದ್ದನ್ನು ಹೇಳುತ್ತೇನೆ.

ಆಯೋಗದ ಅಧಿಕಾರಿ ಮುದುಕರು, ಕಿವಿ ಸ್ವಲ್ಪ ಮಂದ. ಕಂಪನಿಯ ವಕೀಲರು ನನ್ನನ್ನು ಕುರ್ಚಿಗೆ ಕರೆದರು. ನಾನು ಎಣಿಕೆಯ ವಿಧಾನ ವಿವರಿಸಿದೆ, ಅರವತ್ತೆಂಟು ಎಂದೆ. ಇಪ್ಪತ್ತು ನಿಮಿಷ ಹಿಡಿಯಿತು. ಯಾರಿಗೂ ಅರ್ಥವಾಗದ ಹಾಗೆ ಹೇಳುವುದನ್ನು ಏಳು ವರ್ಷದಲ್ಲಿ ಕಲಿತಿದ್ದೇನೆ. ಮುಗಿದ ಮೇಲೆ ಅಧಿಕಾರಿ, "ಬಿಲ್ಲು ಕಟ್ಟೋರು ಯಾರಾದ್ರೂ ಕೇಳೋದಿದ್ಯಾ?" ಎಂದರು.

ಹಿಂದಿನ ಸಾಲಿನಿಂದ ಹಸಿರು ಕೋಟಿನ ಹೆಂಗಸೊಬ್ಬಳು ಎದ್ದಳು. ಕೈಯಲ್ಲಿ ಹಾಳೆಗಳ ಕಟ್ಟು. "ನಾನು ಹೇಜಲ್ ರೂಡ್. ನೀವು ಹಿಡ್ಕೊಂಡಿರೋ ಹಾಳೆ ಮೇಲಿರೋದು ನನ್ನ ಸಹಿ" ಎಂದಳು. ಧ್ವನಿ ನಡುಗುತ್ತಿತ್ತು. ಅಧಿಕಾರಿಗೆ ಕೇಳಿಸಲಿಲ್ಲ. ಅವಳು ಮತ್ತೆ ಹೇಳಬೇಕಾಯಿತು. ಎರಡನೆಯ ಸಲ ಧ್ವನಿ ನಡುಗಲಿಲ್ಲ.

ಬ್ಯೂಟ್ನರ್ ಎದ್ದು ಹೊರಗೆ ಹೋದದ್ದು ಆಗಲೇ. ಎಕ್ಸ್‌ಚೇಂಜಿನಲ್ಲಿ ಇರಬೇಕಾದವಳು ಇಲ್ಲಿದ್ದರೆ ಅಲ್ಲಿ ಯಾರಿದ್ದಾರೆ ಎಂದು ನೋಡಲು ಹೋಗಿರಬೇಕು.

ಹೇಜಲ್ ನನ್ನನ್ನು ಕೇಳಿದಳು: "ನೀವು ಯಾವತ್ತಾದ್ರೂ ಬೋರ್ಡ್ ಮುಂದೆ ಕೂತಿದೀರಾ ಮೇಡಂ?"

"ಹನ್ನೊಂದು ವರ್ಷ. ಇದೇ ಊರಲ್ಲಿ."

ಗೋಡೆಗೆ ಒರಗಿದ್ದವರು ನೆಟ್ಟಗಾದರು.

"ಹೋದ ನವೆಂಬರಲ್ಲಿ ಡೆನ್ವರ್ ಆಸ್ಪತ್ರೆಯಿಂದ ಒಂದು ಕಾಲ್ ಬಂತು. ಅಪ್ಪ ಸಾಯ್ತಾ ಇದಾನೆ, ಮಗ ಬೇಕು ಅಂತ. ಮಗ ಯಾರ್ದೋ ಹೊಲದಲ್ಲಿ ಜೋಳ ಕೀಳ್ತಾ ಇದ್ದ. ಏಳು ಮನೆಗೆ ಪ್ಲಗ್ ಹಾಕ್ದೆ. ಹದಿಮೂರು ನಿಮಿಷ. ಸಿಕ್ಕಿದ, ಅಪ್ಪನ್ ಜೊತೆ ಮಾತಾಡ್ದ. ನಿಮ್ ಹಾಳೆ ಪ್ರಕಾರ ಆ ಹದಿಮೂರು ನಿಮಿಷ ಊರೋರ ಕೆಲ್ಸ. ನೀವು ಇಲ್ಲಿ ಕೂತಿದ್ರಲ್ಲ ಹನ್ನೊಂದು ವರ್ಷ, ಹಾಗೆ ಹುಡುಕ್ವಾಗ ಯಾರ ಕೆಲ್ಸ ಮಾಡ್ತಿದೀನಿ ಅಂದ್ಕೊಂಡಿದ್ರಿ?"

ವಕೀಲರು ಎದ್ದು ಆಕ್ಷೇಪಿಸಿದರು, ಸಾಕ್ಷಿ ಏನಂದುಕೊಂಡಿದ್ದಳು ಎನ್ನುವುದು ಅಪ್ರಸ್ತುತ ಎಂದು. ಅಧಿಕಾರಿ ಕಿವಿಗೆ ಕೈ ಹಿಡಿದು, "ನನಗೆ ಕೇಳ್ಬೇಕು ಅನ್ನಿಸ್ತಿದೆ" ಎಂದರು.

ಲಿಬ್ಬಿ, ಆ ಕ್ಷಣದಲ್ಲಿ ಧೈರ್ಯ ಬಂತು ಎಂದೇನಾದರೂ ಹೇಳಿದರೆ ಸುಳ್ಳಾಗುತ್ತದೆ. ನಿನ್ನ ಪ್ರಶ್ನೆಗೆ ನಾನು ಸಿದ್ಧಳಾಗಿದ್ದೆ. ನೀನು ಕೋಪದಲ್ಲಿ ಕೇಳುತ್ತೀ, ನಾನು ತಣ್ಣಗೆ ಜಾರಿಕೊಳ್ಳಬಹುದು ಎಂದು ಲೆಕ್ಕ ಹಾಕಿದ್ದೆ. ಈ ಹೆಂಗಸಿಗೆ ನನ್ನ ಮೇಲೆ ಕೋಪವೇ ಇರಲಿಲ್ಲ. ಅವಳಿಗೆ ಉತ್ತರ ಬೇಕಿತ್ತು.

"ಡೆನ್ವರಿನ ಕೆಲಸ" ಎಂದೆ. "ಕರೆ ಮಾಡಿದವರ ಕೆಲಸ. ನಾವೆಲ್ಲ ಹಾಗೇ ಅಂದುಕೊಂಡಿದ್ದೆವು."

"ಮತ್ತೆ ಆರನೇ ಕಲಮು ಬರೆದೋರು ಯಾರು?"

"ನಾನು. ಅರವತ್ತೈದರ ಮೇಲೆ ಬರಬೇಕು ಎಂದು ಮೊದಲೇ ಹೇಳಿದ್ದರು. ಬರುವ ಹಾಗೆ ಬರೆದೆ."

ಅಧಿಕಾರಿ ಗುಮಾಸ್ತನಿಗೆ, "ಅದನ್ನ ಬರ್ಕೊಂಡ್ಯಾ? ಓದು" ಎಂದರು. ಅವನು ಓದಿದ. ನನ್ನ ಮಾತನ್ನು ಇನ್ನೊಬ್ಬನ ಬಾಯಿಂದ ಕೇಳುವುದು ಕಷ್ಟ. ಹೇಜಲ್ ಗಡಿಯಾರದ ಹಾಳೆಗಳನ್ನು ಅವರ ಮೇಜಿನ ಮೇಲಿಟ್ಟು, "ಆ ಸಹಿ ವಾಪಸ್ ತಗೋತೀನಿ, ಇದರ ಮೇಲೆ ಇರೋದೇ ನನ್ನ ಸಹಿ" ಎಂದು ಹೇಳಿ ಕೂತಳು.

ಸ್ಟ್ರೂಪ್ ಮೆಟ್ಟಿಲ ಬಳಿ ಕಾಯುತ್ತಿದ್ದರು. ಬೈಯಲಿಲ್ಲ. "ಲಿಂಕನ್‌ಗೆ ನಿಮ್ಮ ದಾರೀಲಿ ನೀವು ಹೋಗ್ಬೇಕು" ಎಂದರು. ಅಲ್ಲಿಗೆ ಹೋದದ್ದು ಅವರ ಕಾರಿನಲ್ಲಿ. ವಾಪಸ್ ಬಸ್ಸಿನಲ್ಲಿ ಬಂದೆ. ಇವತ್ತು ಬೆಳಗ್ಗೆ ನನ್ನ ಮೇಜಿನ ವಸ್ತುಗಳನ್ನು ರಟ್ಟಿನ ಪೆಟ್ಟಿಗೆಯಲ್ಲಿ ಬಾಗಿಲ ಹತ್ತಿರ ಇಟ್ಟಿದ್ದರು.

ನೀನು ಯಾಕೆ ಬರಲಿಲ್ಲ ಎಂದು ಓಟೋ ಗ್ರೂಬ್ ಬಸ್ ನಿಲ್ದಾಣದಲ್ಲಿ ಹೇಳಿದ. ಪೂರ್ತಿ ನಿನ್ನಿಂದಲೇ ಕೇಳಬೇಕು.

ಇರ್ಮಾ


ಕಾಟನ್‌ವುಡ್ ಫೋರ್ಕ್
೧೯ ಜೂನ್ ೧೯೫೬

ಇರ್ಮಾ,

ಪೂರ್ತಿ ಹೇಳುವಷ್ಟೇನೂ ಇಲ್ಲ. ಹನ್ನೆರಡರ ಬೆಳಗ್ಗೆ ನಾನು ಒಳ್ಳೆಯ ಉಡುಪು ಹಾಕಿಕೊಂಡು, ಟೋಪಿಗೆ ಪಿನ್ನು ಚುಚ್ಚುತ್ತಿದ್ದೆ. ಹೇಜಲ್ ಹಿಂಬಾಗಿಲಿನಿಂದ ಬಂದಳು. ಅವತ್ತು ಬ್ಯೂಟ್ನರ್ ಬೇಕೆಂದೇ ಅವಳನ್ನು ಇಡೀ ದಿನ ಬೋರ್ಡಿಗೆ ಹಾಕಿದ್ದರು, ವ್ಲಾಸ್ತಾಳನ್ನು ಪಕ್ಕದೂರಿಗೆ ಕಳಿಸಿದ್ದರು.

"ನಾನ್ ಹೋಗ್ತೀನಿ ಲಿಬ್ಬಿ" ಎಂದಳು. "ಬೋರ್ಡ್ ಖಾಲಿ ಬಿಡೋ ಹಾಗಿಲ್ಲ. ನೀನ್ ಕೂತ್ಕೋ."

"ಒಂದು ತಿಂಗಳಿಂದ ಊರೆಲ್ಲ ಸುತ್ತಿದೀನಿ ಕಣೆ ಈ ದಿನಕ್ಕೆ."

"ನೀನು ಎದ್ರೆ, ಕೆಲಸ ಕಳ್ಕೊಂಡೋಳ ಕೋಪ ಅಂತಾರೆ. ಸಹಿ ಹಾಕಿದೋಳು ನಾನು. ನಾನೇ ತೆಗೀಬೇಕು."

ನನಗೆ ಆ ದಿನ ಎಷ್ಟು ಬೇಕಿತ್ತು ಎಂದರೆ, ಅವಳನ್ನು ಪಕ್ಕಕ್ಕೆ ತಳ್ಳಿ ಹೋಗಿಬಿಡಲೇ ಅನ್ನಿಸಿತು. ನಿನ್ನ ಮುಖ ನೋಡಬೇಕಿತ್ತು ನನಗೆ, ಅದಕ್ಕೇ ಹೋಗುತ್ತಿದ್ದೆ, ದರಕ್ಕಾಗಿ ಅಲ್ಲ. ಅದು ಹೊಳೆದ ಕೂಡಲೇ ಟೋಪಿ ತೆಗೆದೆ. ಗಡಿಯಾರದ ಹಾಳೆಗಳನ್ನೂ ನನ್ನ ಹಸಿರು ಕೋಟನ್ನೂ ಅವಳಿಗೆ ಕೊಟ್ಟೆ, ಅವಳದರ ಮೊಣಕೈ ಹರಿದಿತ್ತು. ಪ್ರಶ್ನೆ ಏನೆಂದು ಅವಳು ಕೇಳಲಿಲ್ಲ, ನಾನೂ ಹೇಳಲಿಲ್ಲ. ಡೆನ್ವರಿನ ಕಾಲು ಅವಳದೇ.

ಹತ್ತೂವರೆಗೆ ಬ್ಯೂಟ್ನರ್ ಓಡಿಬಂದರು.

"ನೀವಿಲ್ಲಿ ಕೂರೋ ಹಾಗಿಲ್ಲ."

"ಸರಿ" ಎಂದು ಹೆಡ್‌ಫೋನ್ ತೆಗೆದು ಅವರ ಕೈಗಿಟ್ಟೆ. "ಕೂತ್ಕೊಳ್ಳಿ."

ಆಗ ಬೋರ್ಡಿನಲ್ಲಿ ಐದು ದೀಪ ಹತ್ತಿದ್ದವು. ಅವರು ಕೂತರು. ಒಂದು ಪ್ಲಗ್ ಎತ್ತಿ, ಎಲ್ಲಿಗೆ ಹಾಕಬೇಕೆಂದು ತಿಳಿಯದೆ ಹಿಡಿದುಕೊಂಡೇ ಇದ್ದರು. ಒಂಬತ್ತು ದೀಪ ಆದವು. ಹಾರ್ಡ್‌ವೇರ್ ಅಂಗಡಿಯವನು ಕಿವಿಯಲ್ಲಿ ಕೂಗುತ್ತಿರುವುದು ನನಗೂ ಕೇಳಿಸಿತು. ಅವರು ಮೆಲ್ಲಗೆ, "ಇದ್ರಲ್ಲಿ ಯಾವ್ದು ಊರು, ಯಾವ್ದು ಟ್ರಂಕು?" ಎಂದು ಕೇಳಿದರು.

"ಎಡಗಡೆ ಒಂದು ಗೀಟು ಎಳೀರಿ, ಗೊತ್ತಾಗುತ್ತೆ" ಎಂದೆ. ಹನ್ನೆರಡು ದೀಪ ಆದಾಗ ಎದ್ದು ನಿಂತರು. ನಾನು ಸಂಜೆ ಐದರವರೆಗೆ ಕೂತೆ. ಐದು ಗಂಟೆ ಒಂದು ನಿಮಿಷಕ್ಕೆ ನನ್ನನ್ನು ಕೆಲಸದಿಂದ ತೆಗೆದರು. ಮರುದಿನ ಹೇಜಲ್‌ಳನ್ನು ತೆಗೆಯುವುದರಲ್ಲಿದ್ದರು. ಆದರೆ ಅವಳ ಮಾತು ಆಯೋಗದ ದಾಖಲೆಯಲ್ಲಿ ಇರುವುದರಿಂದ ಲಿಂಕನ್‌ನಿಂದ ಬೇಡ ಎಂದರಂತೆ.

ನೀನು ಹೇಳಿದ್ದನ್ನು ಐವತ್ತು ಜನ ನನಗೆ ಐವತ್ತು ಥರ ಹೇಳಿದರು. ನಿನ್ನ ಕಾಗದ ಐವತ್ತೊಂದನೆಯದು. ಅದನ್ನು ನಂಬುತ್ತೇನೆ.

ಇದರಿಂದ ನಮ್ಮಿಬ್ಬರ ಲೆಕ್ಕ ಚುಕ್ತಾ ಆಯಿತು ಎಂದು ತಿಳಿಯಬೇಡ.

ಲಿಬ್ಬಿ


ಕರ್ನಿ
೨ ಆಗಸ್ಟ್ ೧೯೫೬

ಲಿಬ್ಬಿ,

ವಿಳಾಸ ಬದಲಾಗಿದೆ. ಇಲ್ಲಿ ರೈಲು ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಬೋರ್ಡಿನ ಕೆಲಸ ಸಿಕ್ಕಿದೆ. ನಲವತ್ತು ಕೋಣೆ, ಒಂದೇ ಕುರ್ಚಿ. ಮೊದಲ ದಿನ ಬೆರಳು ತಡವರಿಸಿತು, ಎರಡನೆಯ ದಿನ ಇಲ್ಲ. ಅತಿಥಿಗಳು ನನ್ನನ್ನು ಹುಡುಗಿ ಎಂದು ಕರೆಯುತ್ತಾರೆ, ನನಗೆ ಮೂವತ್ತೊಂಬತ್ತು.

ಕಂಪನಿಗೆ ಒಂದು ಕಾಗದ ಬರೆದೆ. ನಲವತ್ತೊಂಬತ್ತರ ಫೆಬ್ರವರಿಯಲ್ಲಿ ನಾನು ಕೊಟ್ಟ ಹೇಳಿಕೆ ಸುಳ್ಳು, ಚೀಟಿ ಬರೆಯದಿರಲು ಮೊದಲು ಹೇಳಿದವಳು ನಾನು, ಲಿಬ್ಬಿ ಕೌಟ್ಸ್ಕಿಯ ಸಂಬಳದಲ್ಲಿ ಕಡಿದದ್ದನ್ನು ಮರಳಿಸಬೇಕು ಎಂದು. ಅಂಥ ಹೇಳಿಕೆಯ ಕಡತ ಸಿಗುತ್ತಿಲ್ಲ ಎಂದು ಎರಡು ಸಾಲಿನ ಉತ್ತರ ಬಂತು. ನಾನು ಬರೆದದ್ದರ ಪ್ರತಿ ಇದರೊಂದಿಗಿದೆ. ಕಡತ ನಿನ್ನ ಹತ್ತಿರವಾದರೂ ಇರಲಿ.

ಉತ್ತರ ಬರೆಯಲೇಬೇಕೆಂದಿಲ್ಲ.

ಇರ್ಮಾ


ಕಾಟನ್‌ವುಡ್ ಫೋರ್ಕ್
೨೭ ಸೆಪ್ಟೆಂಬರ್ ೧೯೫೬

ಇರ್ಮಾ,

ಎರಡು ತಿಂಗಳು ಬರೆಯಲಿಲ್ಲ. ನಿನ್ನ ಪ್ರತಿಯನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಕೊನೆಗೆ ಅದನ್ನೂ ಡ್ರಾಯರಿಗೇ ಹಾಕಿದೆ, ಆದರೆ ಚಮಚಗಳ ಮೇಲೆ.

ಆಯೋಗದ ಆದೇಶ ಮೊನ್ನೆ ಬಂತು. ಹದಿನೇಳು ಪುಟ. ನ್ಯಾಯಾಲಯದ ಕಟ್ಟಡದ ಮೆಟ್ಟಿಲ ಮೇಲೆ ಓಟೋ ಗ್ರೂಬ್ ಗಟ್ಟಿಯಾಗಿ ಓದಿದ, ಆರನೆಯ ಪುಟದಲ್ಲಿ ಅವನ ಕನ್ನಡಕ ಜಾರಿತು, ಉಳಿದದ್ದನ್ನು ವ್ಲಾಸ್ತಾ ಓದಿದಳು. ಆರನೆಯ ಕಲಮಿನ ಎಣಿಕೆಯನ್ನು ಅವರು ಒಪ್ಪಿಲ್ಲ. ಕರೆ ಯಾರದೋ, ಹುಡುಕಿದ ಹೊತ್ತೂ ಅವರದೇ ಎಂದು ಬರೆದಿದ್ದಾರೆ. ಹೊಸ ಎಣಿಕೆ ಆಗುವವರೆಗೆ ದರ ಏರುವ ಹಾಗಿಲ್ಲ. ಜಾಬ್ಕಾ ಅಜ್ಜಿಗೆ ನಾನೇ ಹೋಗಿ ಹೇಳಿದ್ದಕ್ಕೆ, "ಅದನ್ನ ಹೇಳೋಕೆ ಇಷ್ಟ್ ದೂರ ಯಾಕ್ ಬಂದೆ, ಫೋನ್ ಮಾಡೋದ್ ತಾನೆ?" ಎಂದಳು.

ಪೂರ್ತಿ ಗೆದ್ದೆವು ಎಂದು ಹೇಳಲಾರೆ. ಎಣಿಕೆ ಮುಗಿದ ಮೇಲೆ ಸ್ವಲ್ಪ ಏರಿಸಲು ಅವರಿಗೆ ಬಿಟ್ಟಿದ್ದಾರೆ. ಎರಡು ವರ್ಷದಲ್ಲಿ ಡಯಲ್ ಯಂತ್ರ ತರುತ್ತೇವೆ, ಆಪರೇಟರೇ ಬೇಕಿಲ್ಲ ಎಂದು ಕಂಪನಿ ಪತ್ರಿಕೆಯಲ್ಲಿ ಹಾಕಿಸಿದೆ. ಹಾಕಿಸಲಿ. ಎರಡು ವರ್ಷ ಅಂದರೆ ಎರಡು ವರ್ಷ. ಅಷ್ಟು ದಿನವೂ ನಾವು ಮಾಡಿದ ಕೆಲಸಕ್ಕೆ ನಮ್ಮ ಕೆಲಸ ಎಂದೇ ಹೆಸರಿರುತ್ತದೆ, ಹರಟೆ ಎಂದಲ್ಲ.

ಈಗ ಬರೆಯಬೇಕಾದ್ದಕ್ಕೆ ಬರುತ್ತೇನೆ. ಹೊಸ ಎಣಿಕೆ ಅಕ್ಟೋಬರ್ ಎಂಟರ ಸೋಮವಾರದಿಂದ ಏಳು ದಿನ. ಕಂಪನಿಯ ಆಳಲ್ಲದ, ಬೋರ್ಡಿನ ಕೆಲಸ ಬಲ್ಲ ಇಬ್ಬರು ಎಣಿಸಬೇಕು ಎಂದು ಆದೇಶದಲ್ಲಿದೆ. ನನ್ನನ್ನು ಕೆಲಸದಿಂದ ತೆಗೆದು ಕಂಪನಿ ನನಗೆ ಉಪಕಾರ ಮಾಡಿದೆ. ನಾನು ಒಬ್ಬಳು. ಇನ್ನೊಬ್ಬರ ಹೆಸರು ಹೇಳಿ ಎಂದು ಆಯೋಗದ ಗುಮಾಸ್ತ ಫೋನ್ ಮಾಡಿದ. ನಿನ್ನ ಹೆಸರು ಹೇಳಿದೆ.

"ಅವ್ರು ಕಂಪನಿ ಕಡೆ ಸಾಕ್ಷಿ ಅಲ್ವಾ?" ಎಂದ.

"ಬೆಳಗ್ಗೆ ಹತ್ತೂವರೆವರೆಗೆ ಆಗಿದ್ಲು" ಎಂದೆ.

ಅವನು ನಕ್ಕು ಬರೆದುಕೊಂಡ. ನಿನ್ನನ್ನು ಕೇಳದೆ ಹೇಳಿದ್ದಕ್ಕೆ ಬೇಸರವಾದರೆ ಆಗಲಿ.

ನೀನು ಮಾಡಿದ್ದನ್ನು ನಾನು ಮರೆತಿಲ್ಲ. ಕ್ಷಮಿಸಿದ್ದೇನೋ ಇಲ್ಲವೋ ಎಂದು ಕೇಳಬೇಡ, ನನಗೇ ಗೊತ್ತಿಲ್ಲ, ಗೊತ್ತಾದ ದಿನ ನಾನೇ ಹೇಳುತ್ತೇನೆ. ಅಷ್ಟರವರೆಗೆ ಸುಮ್ಮನೆ ದೂರ ಕೂತಿರುವುದರಲ್ಲಿ ಅರ್ಥವಿಲ್ಲ. ಇಬ್ಬರಿಗೂ ಈ ಕೆಲಸ ಬರುತ್ತದೆ, ಬೇರೆಯವರಿಗೆ ಬರುವುದಿಲ್ಲ.

ಎಣಿಕೆಯ ಹಿಂದಿನ ದಿನ, ಭಾನುವಾರ, ನಾಲ್ಕರ ಬಸ್ಸಿಗೆ ಬಾ. ನಿಲ್ದಾಣಕ್ಕೆ ಪಿಕಪ್ ತರುತ್ತೇನೆ. ಉಳಿಯುವುದು ನನ್ನ ಮನೆಯಲ್ಲಿ, ಮುಂದಿನ ಕೋಣೆ ಖಾಲಿ ಇದೆ, ಹಾಸಿಗೆ ಸ್ವಲ್ಪ ಗಟ್ಟಿ. ದಪ್ಪ ಸ್ವೆಟರ್ ತಾ, ಬೋರ್ಡಿನ ಕೋಣೆಯ ಒಲೆ ಹೊತ್ತಿಸಲು ಕಂಪನಿಗೆ ನವೆಂಬರೇ ಆಗಬೇಕು. ಊಟಕ್ಕೆ ಹೇಜಲ್ ಹಣ್ಣು ತುಂಬಿದ ಕೊಲಾಚಿ ಬನ್ನು ಮಾಡುತ್ತೇನೆಂದಿದ್ದಾಳೆ. ಅವಳದು ಹಿಟ್ಟು ಉಬ್ಬುವುದಿಲ್ಲ. ಮುಖ ಸಿಂಡರಿಸದೆ ತಿನ್ನಬೇಕು.

ಲಿಬ್ಬಿ